ದುಭಾಷಿಯ ದಿನಗೂಲಿ

ಬಾಣಾವರದಾಚೆ ಕೆರೆ ಏರಿಯ ಮೇಲೆ ನಿಂತದ್ದು ಮೂರು ಜನ:
ಕೆರೆ ರಿಪೇರಿಗೆ ಸಾಲ ಕೊಡುವವರು ಕಳಿಸಿದ ಇಂಗ್ರಿಡ್,
ತೂಬಿನ ಪಕ್ಕದಲ್ಲೇ ಮುದುಕನಾದ ನೀರಗಂಟಿ ಮೂಡ್ಲಯ್ಯ,
ನಡುವೆ ನಾನು. ಪಿಯುಸಿ ಪಾಸು, ಹೊಸ ಚಪ್ಪಲಿ,
ದಿನಕ್ಕೆ ಮುನ್ನೂರು, ಊಟ ಅವರದೇ.

ಅವಳು ಕೇಳಿದಳು: ತೂಬಿನಿಂದ ಸೆಕೆಂಡಿಗೆ ಎಷ್ಟು ಲೀಟರು?
ನಾನು ಕೇಳಿದೆ: ನೀರು ಎಷ್ಟು ಬಿಡ್ತೀಯಜ್ಜ?
ಸೆಕೆಂಡನ್ನು ಅಲ್ಲೇ ಏರಿಯ ಹುಲ್ಲಿಗೆ ಬಿಟ್ಟಿದ್ದೆ.

ಮೂಡ್ಲಯ್ಯ ಪಂಚೆ ಎತ್ತಿ ಕಟ್ಟಿ ಕಾಲುವೆಗಿಳಿದ.
"ಮೀನ್ಖಂಡಕ್ಕೆ ಬಂದ್ರೆ ಮೇಲ್ಗದ್ದೆಗೆ ಮಾತ್ರ ಕಣವ್ವ,
ಮಂಡಿಗೆ ಬಂದ್ರೆ ಕೊನೇ ಮಡಿಗಂಟ.
ಮಂಡಿ ನಂದಾಗಿರ್ಬೇಕು. ನಮ್ಮಪ್ಪ ಗೇಣುದ್ದ ಜಾಸ್ತಿ,
ಅವನ ಲೆಕ್ಕ ಬ್ಯಾರೆ.
ತಡಿ, ಇನ್ನೂ ಐತೆ."
ತೂಬು ಗೊರಕೆ ಹೊಡೆದರೆ ಒಂದು, ಮುಲುಗಿದರೆ ಇನ್ನೊಂದು;
ಏಡಿ ಬೇಗ ಮೇಲೆ ಬಂದ ವರ್ಷ ಕದ ಒಂದು ಬೆರಳು ಕಮ್ಮಿ;
ಸಾವಿನ ಮನೆಯವರಿಗೆ ಸರದಿ ತಪ್ಪಿದ್ದರೆ
ಮೂರನೇ ರಾತ್ರಿ, ಅವರು ಕೇಳುವ ಮೊದಲೇ, ಬಿಡಬೇಕು.
ಬರೆದಿಡಬಾರದು.

ಹೊಂಗೆಯ ನೆರಳು ಸರಿಯಿತು. ಚಪ್ಪಲಿ ಕಚ್ಚುತ್ತಿತ್ತು.
ಜೀಪಿನಲ್ಲಿ ಚಿತ್ರಾನ್ನ ಆರುತ್ತಿತ್ತು.
ಕಣ್ಣಳತೆಗೆ ಇಂಗ್ಲಿಷಿನಲ್ಲಿ ಏನೆಂದು
ಬಾಣಾವರದ ಕಾಲೇಜು ಕಲಿಸಿರಲಿಲ್ಲ.
ಅವಳು ಪೆನ್ನೆತ್ತಿ ಕಾದಳು.
ಅದನ್ನು ಹೇಳಲೇಬೇಕು, ಬಹಳ ಹೊತ್ತು ಕಾದಳು.
"ಗೊತ್ತಿಲ್ಲವಂತೆ," ಅಂದೆ.

ಅವಳು ಅವನ ಒದ್ದೆ ಕೈ ಕುಲುಕಿದಳು.
"ಎಲ್ಲಾ ಹೇಳಿದ್ಯಾ?" ಅಂದ ಮೂಡ್ಲಯ್ಯ.
"ಎಲ್ಲಾ."

ವರದಿ ಬಂತು, ನೀಲಿ ರಟ್ಟು. ನಲವತ್ತೊಂದನೇ ಪುಟದಲ್ಲಿ:
ಸ್ಥಳೀಯರಿಗೆ ನೀರಿನ ಅಳತೆಯ ಅರಿವಿಲ್ಲ, ತರಬೇತಿ ಅಗತ್ಯ.
ಅರಸೀಕೆರೆಯ ಛತ್ರದಲ್ಲಿ ಮೂರು ದಿನ ತರಬೇತಿ.
ಮೂಡ್ಲಯ್ಯ ಮುಂದಿನ ಸಾಲಿನಲ್ಲಿ ಕೂತು
ಲೀಟರು ಕಲಿತ, ಸೆಕೆಂಡು ಕಲಿತ,
ಸರ್ಟಿಫಿಕೇಟು ಪಡೆದು ಹೆಬ್ಬೆಟ್ಟೊತ್ತಿದ.
ಅಲ್ಲಿಯೂ ದುಭಾಷಿ ನಾನೇ.

ಅವನು ಹೋಗಿ ಆರು ವರ್ಷ.
ತೂಬಿಗೀಗ ಕಬ್ಬಿಣದ ಚಕ್ರ, ಬೀಗ,
ಗೋಡೆಯ ಮೇಲೆ ಕೆಂಪು ಬಿಳಿ ಗೆರೆ.
ಸುಳ್ಳು ಹೇಳಲಾರೆ, ಸೋರುವುದು ನಿಂತಿದೆ.
ಕೆರೆ ಸಂಘದ ರಿಜಿಸ್ಟರು ಬರೆಯುವವಳು ನಾನು.

ಮೊನ್ನೆ ಸಣ್ಣಕೆಂಪಮ್ಮನ ಗಂಡ ತೀರಿದ.
ನಾಲ್ಕನೇ ಬೆಳಗ್ಗೆ ಏರಿ ಹತ್ತಿ ನೋಡಿದರೆ
ಬೀಗ ಹಾಕಿದಂತೆಯೇ ಇತ್ತು,
ಚಕ್ರದ ಮೇಲೆ ಯಾರದೋ ಕೈಯ ಕೆಸರು.
ನೀರು ಗೆರೆಯಿಂದ ಒಂದು ಬೆರಳು ಇಳಿದಿತ್ತು.
ಇಂಗ್ರಿಡಳ ಗೆರೆ, ತಪ್ಪುವುದಿಲ್ಲ.

ಪೆನ್ನು ತೆಗೆದೆ.
ಹಿಂದಿನ ದಿನದ ಅಂಕಿಯನ್ನೇ
ಮತ್ತೊಮ್ಮೆ ಬರೆದೆ.