ಇದ್ದಿಲ ಗೆರೆ

ಬೆಂಕಿ ಹಾಕುವ ಮೊದಲು, ನಸುಕಿನ ನಾಲ್ಕಕ್ಕೆ,
ಎಲ್ಗುಜಾ ತಣ್ಣನೆಯ ಒಲೆಯೊಳಗೆ ತಲೆ ಇಳಿಸುತ್ತಾನೆ.
ಕುತಾಯಿಸಿಯ ಆ ಬೀದಿಯಲ್ಲಿ
ಅವನಿಗೆ ಸಿಕ್ಕ ಗುರು ಇದೊಂದೇ:
ಎದೆಯೆತ್ತರದ ಮಣ್ಣಿನ ಬಾನಿ,
ತಪ್ಪನ್ನು ತಪ್ಪಾಗಿಯೇ ಮರಳಿಸುತ್ತದೆ.
ಐವತ್ತೆರಡರಲ್ಲಿ ಇದೇನು ಹುಚ್ಚು ಎಂದು
ಹೆಂಡತಿ ಕೇಳಿಲ್ಲ; ನಿದ್ದೆಯಲ್ಲಿರುತ್ತಾಳೆ.

ಮೂಲೆಯ ಹಳೇ ಫ್ರಿಜ್ಜು ಶ್ರುತಿ ಹಿಡಿದಿದೆ.
ಅಲ್ಲಿಂದ ಒಂದೊಂದೇ ಮೆಟ್ಟಿಲು ಕೆಳಗೆ.
ಮೊದಲ ವಾರ ಗಲ್ಲ ಎದೆಗೊತ್ತಿ ಗುರುಗುಟ್ಟಿದ;
ಮೂರು ದಿನ ಗಿರಾಕಿಗಳಿಗೆ ಬೆರಳಲ್ಲೇ ಲೆಕ್ಕ ಹೇಳಿದ.
ಒತ್ತಿದರೆ ಇಳಿಯುವಂಥದ್ದಲ್ಲ ಅದು.
ಆಕಳಿಸುವಾಗ ಗಂಟಲು ತಾನಾಗಿ ತೆರೆಯುತ್ತದಲ್ಲ,
ಆ ಸಂದಿನಲ್ಲಿ ಸ್ವರವನ್ನು
ನಾದಿದ ಹಿಟ್ಟಿನ ಹಾಗೆ
ಬಟ್ಟೆ ಮುಚ್ಚಿ ಬಿಟ್ಟು ಸುಮ್ಮನಿರಬೇಕು.

ಗೋಡೆಯಲ್ಲಿ ಇದ್ದಿಲ ಗೆರೆ,
ಮುಟ್ಟಿದ ಸ್ವರಕ್ಕೊಂದು. ಚಳಿಗಾಲವೆಲ್ಲ ಕಳೆದು ಎರಡೇ.
ಮೂರನೆಯದನ್ನು ಎಳೆದ. ಮಾರನೆಯ ದಿನ ಒರೆಸಿದ.
ಮತ್ತೆ ಎಳೆದ.

ಗೆಳೆಯರು ಊಟಕ್ಕೆ ಕೂತು ಮೂರು ದನಿಯಲ್ಲಿ ಹಾಡುವಾಗ
ಅವನ ಪಾಲಿಗೆ ಇನ್ನೂ ನಡುವಿನದೇ.
ತಗ್ಗುದನಿಗೆ ಅಲ್ಲಿ 'ಬನಿ' ಎನ್ನುತ್ತಾರೆ.
ನಮ್ಮ ಮಾತಲ್ಲಿ ಬನಿಯೆಂದರೆ ಸಾರ ಕಣಯ್ಯಾ
ಎಂದರೆ ನಗುತ್ತಾನೇನೋ, ಹಿಟ್ಟಿನ ಕೈಯಲ್ಲಿ ಮೀಸೆ ಒರೆಸಿಕೊಂಡು.

ನಿನ್ನೆ ಪಿಕ್ರಿಯಾ ಬಂದು ಎರಡು ರೊಟ್ಟಿ ಕೇಳಿದಳು.
'ಬಿಸಿ ಇದೆ, ಜೋಪಾನ' ಅಂದ.
ಅವಳು ಅವನ ಬೆನ್ನ ಹಿಂದೆ ಇಣುಕಿದಳು,
ಒಳಗೆ ಇನ್ಯಾರಿದ್ದಾರೆ ಎಂದು.