ಮೂರನೇ ದಿನದ ಬ್ರೆಡ್ಡು

ಬಾಗಿಲು ತಟ್ಟಬೇಡ ಎರ್ಮೀನಿಯೊ, ತೆರೆದೇ ಇದೆ.
ಬ್ರೆಡ್ಡು ತಂದೆಯಾ? ತೋರಿಸು.
ಥೂ, ಇದು ಇವತ್ತಿನದು, ಇನ್ನೂ ಬೆಚ್ಚಗಿದೆ.
ನಾನು ಹೇಳಿದ್ದೇನು?
ಮೂರು ದಿನ ಬಟ್ಟೆಯಲ್ಲಿ ಸುತ್ತಿಟ್ಟದ್ದು,
ಮೇಜಿಗೆ ಕುಟ್ಟಿದರೆ ಟಕ್ಕೆನ್ನುವಂಥದ್ದು.
ಇರಲಿ, ನನ್ನದೇ ತೆಗೀತೀನಿ.
ಸಂಜೆ ಏಳರ ಮೇಲೆ ಮೂಲೆಯ ಬೇಕರಿಯಲ್ಲಿ
ಉಳಿದದ್ದು ಅರ್ಧ ಬೆಲೆಗೆ ಸಿಗುತ್ತೆ.
ಕೇಳಲು ನಾಚಿಕೆಯಾದರೆ ಕೋಳಿಗೆ ಅನ್ನು.
ನಾಲ್ಕನೇ ಮಹಡಿಯಲ್ಲಿ ಯಾರು ಕೋಳಿ ಸಾಕುತ್ತಾರೆಂದು
ಆ ಹುಡುಗಿ ಕೇಳುವುದಿಲ್ಲ.
ಅವಳ ಅಜ್ಜಿಯೂ ಕೋಳಿಗೇ ಒಯ್ಯುತ್ತಿದ್ದಳು.

ಮೂವತ್ತೆಂಟು ವರ್ಷ ಹಡಗುಕಟ್ಟೆಯ ಕ್ರೇನಿನಲ್ಲಿ ಕೂತು
ನೂರು ಟನ್ ಉಕ್ಕನ್ನು ಹೂವಿನ ಹಾಗೆ ಇಳಿಸಿದವನೇ,
ಒಂದೆಸಳು ಬೆಳ್ಳುಳ್ಳಿ ಸುಲಿಯಲು ಇಷ್ಟು ಹೊತ್ತೆ?
ಚಾಕು ಬಿಡು. ಅಂಗೈಯಿಂದ ಜಜ್ಜು. ಹಾಂ,
ಈಗ ನೋಡು, ಸಿಪ್ಪೆ ತಾನಾಗಿ ಬಿಟ್ಟಿತು.
ಕಲ್ಲುಪ್ಪು ಹಾಕಿ ಈ ಮಣ್ಣಿನ ಬಟ್ಟಲಲ್ಲೇ ಅರೆ.
ಕೊತ್ತಂಬರಿಯ ದಂಟು ಎಸೀತೀಯಾ?
ಸಿರಿವಂತರು ಎಸೆಯಲಿ. ರುಚಿಯಿರುವುದು ದಂಟಿನಲ್ಲಿ,
ಎಲೆ ಬರೀ ಹಾಜರಿ ಹಾಕುತ್ತೆ.

ಆಲಿವ್ ಎಣ್ಣೆ, ಬಟ್ಟಲ ಸುತ್ತ ಮೂರು ಸುತ್ತು.
ಪಿಂಚಣಿ ಬಂದ ವಾರವಾದರೆ ನಾಲ್ಕು.
ಇವತ್ತು ಇಪ್ಪತ್ತೇಳು.
ಎರಡೂವರೆ.

ನೀರು ಕುದಿಯುವ ತನಕ ಕೂತುಕೋ.
ನಿನ್ನ ಕಸದ ಚೀಲ ಮೆಟ್ಟಿಲಿಳಿಯುವುದು ಕೇಳುತ್ತೆ ನನಗೆ,
ಡಬ್ಬ, ಡಬ್ಬ, ಡಬ್ಬ,
ಇದಲೀನ ಹೋದಾಗಿನಿಂದ ಎರಡು ವರ್ಷ ಅದೇ ಸದ್ದು.
ದಿನಾ ಸಾರ್ಡೀನು!
ಹೇಳಲಾ ಒಂದು ಮಾತು? ಆ ಡಬ್ಬ ತುಂಬಿದವಳು ನಾನು.
ಇವನ್ನಲ್ಲ, ಇವು ಈಗ ಎಲ್ಲಿಂದಲೋ ಬರುತ್ತವೆ.
ಇದೇ ಸೆತೂಬಲಿನಲ್ಲಿ, ಹದಿನಾಲ್ಕರಿಂದ ಮೂವತ್ತೊಂಬತ್ತರ ತನಕ.
ದೋಣಿ ಬಂತೆಂದರೆ ಸೀಟಿ,
ಒಂದೊಂದು ಫ್ಯಾಕ್ಟರಿಗೆ ಒಂದೊಂದು ದನಿ,
ನಡುರಾತ್ರಿಯ ನಿದ್ದೆಯಲ್ಲೂ ನಮ್ಮದು ಯಾವುದೆಂದು ತಿಳಿಯುತ್ತಿತ್ತು
ತಾಯಿಗೆ ತನ್ನ ಕೂಸಿನ ಅಳು ತಿಳಿದ ಹಾಗೆ.
ಬಾಲಕ್ಕೆ ಕೊರಳು, ಕೊರಳಿಗೆ ಬಾಲ,
ಮದುವೆಯ ದಿನ ಬೆಳಿಗ್ಗೆ ಬೆರಳಿಗೆಲ್ಲ ನಿಂಬೆ ತಿಕ್ಕಿದ್ದೆ.
ಉಂಗುರ ತೊಡಿಸಿದವನು ಮೂಗು ಮುರಿಯಲಿಲ್ಲ,
ಅದೊಂದಕ್ಕೇ ಅವನ ಉಳಿದದ್ದನ್ನೆಲ್ಲ ಕ್ಷಮಿಸಿದೆ.
ಫ್ಯಾಕ್ಟರಿ ಮುಚ್ಚಿದ ಮೇಲೆ
ಈ ಮನೆಗೆ ಮೀನಿನ ಡಬ್ಬ ಬಂದಿಲ್ಲ.

ಕುದಿಯಿತು. ಮೊಟ್ಟೆ ಒಡೆ.
ಇಬ್ಬರಿಗೆ ಒಂದೇನಾ ಅಂತ ಹಾಗೆ ನೋಡಬೇಡ,
ಎರಡಿವೆ, ನಿನ್ನೆ ನನ್ನದೊಂದು ಉಳಿಸಿದ್ದೆ.
ಮುಚ್ಚಳ ಮುಚ್ಚು, ಗ್ಯಾಸ್ ಆರಿಸು,
ಆರಿಸು ಅಂದೆನಲ್ಲ!
ಮುಂದಿನ ಕೆಲಸ ಬಿಸಿಗೆ ಗೊತ್ತಿದೆ,
ನಾವು ದುಡ್ಡು ಕೊಟ್ಟು ಕಾವಲು ನಿಲ್ಲಬೇಕಿಲ್ಲ.

ಈಗ ಮೊಟ್ಟೆ ತೆಗೆದಿಟ್ಟು ನೀರು ಸುರಿ ಬಟ್ಟಲಿಗೆ.
ಮೂಗು ಹತ್ತಿರ ತಾ.
ಬಂತಾ?

ಬ್ರೆಡ್ಡನ್ನು ಕೈಯಲ್ಲೇ ಮುರಿ.
ಚಾಕು ತಾಗಿಸಿದರೆ ನಮ್ಮಮ್ಮ ಗೋರಿಯಿಂದೆದ್ದು ಬರುತ್ತಾಳೆ.
ಅಲೆಂತೇಜುವಿನ ಬಿಸಿಲ ಬಯಲಿನವಳು,
ಕಂಡವರ ಹೊಲದ ಗೋಧಿ ಕೊಯ್ದವಳು,
ಆ ಗೋಧಿ ಅವಳ ಬಾಯಿಗೆ ಬರುತ್ತಿದ್ದದ್ದು ಹೀಗೆ,
ಕಲ್ಲಾದ ಮೇಲೆ.
ಹಿಟ್ಟು ಹಳಸಿತ್ತು ನಾಯಿ ಹಸಿದಿತ್ತು ಅಂತ ನಗ್ತೀಯಾ?
ಇದು ಹಳಸಿದ್ದಲ್ಲ ಮಾರಾಯ, ಒಣಗಿದ್ದು.
ಎರಡಕ್ಕೂ ವ್ಯತ್ಯಾಸವಿದೆ,
ನಮ್ಮ ವಯಸ್ಸಿನವರಾದರೂ ಅದನ್ನು ತಿಳಿದಿರಬೇಕು.

ತಿನ್ನು. ಮಾತು ಬೇಡ.

...

ಅದೇನದು ಜೇಬಿನಿಂದ? ಡಬ್ಬವಾ?
ಬರಿಗೈಯಲ್ಲಿ ಬರಬಾರದು ಅಂತ ತಂದೆಯಾ, ಪೆದ್ದ.
ಕೊಡಿಲ್ಲಿ. ನಿನಗೆ ತೆರೆಯಲೂ ಬರುವುದಿಲ್ಲ.
ನೋಡು,
ಈ ಮೂಲೆಯ ಮೀನು ಸಡಿಲ, ಇದು ತಿರುಗಿ ಮಲಗಿದೆ,
ನಮ್ಮ ಮೇಲ್ವಿಚಾರಕಿ ಇಷ್ಟಕ್ಕೇ ಅರ್ಧ ದಿನದ ಕೂಲಿ ಹಿಡಿಯುತ್ತಿದ್ದಳು.
ಯಾವ ಮಗುವೋ ಪಾಪ, ನಿದ್ದೆಗಣ್ಣಲ್ಲಿ ತುಂಬಿದ್ದು.

ಒಂದೇ ಒಂದು ಹಾಕು ನನಗೆ. ಸಣ್ಣದು.
ಡಬ್ಬದ ಎಣ್ಣೆ ಚೆಲ್ಲಬೇಡ,
ನಾಳೆ ಆಲೂಗೆಡ್ಡೆಗೆ ಆಗುತ್ತೆ.