ಅರ್ಧ ಗುಲಗಂಜಿ

ಧನಜಿ ಸ್ಟ್ರೀಟಿನ ಮೂರನೆಯ ಮಾಳಿಗೆಯಲ್ಲಿ
ಒರೆಗಲ್ಲು ಹಿಡಿದು ಕೂತು ಇಪ್ಪತ್ತಾರು ವರ್ಷ.
ಕುಮಟೆಯ ರೇವಣಕರರ ಮಗ ನಾನು; ಇಲ್ಲಿ ಎಲ್ಲರೂ
ಕರೆಯುವುದು 'ಕಸೋಟಿ' ಎಂದು, ಕಲ್ಲಿನ ಹೆಸರಿನಿಂದಲೇ.

ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ ನೀಲಗಂಗವ್ವ.
ಇಂಡಿ ತಾಲ್ಲೂಕಿನ ಮಾತು, ಆಂಟಾಪ್ ಹಿಲ್ಲಿನ ಖೋಲಿ,
ಸೊಂಟದ ಚೀಲದಲ್ಲಿ ಹೆಸರುಕಾಳಿನಷ್ಟು ಚಿನ್ನ.
ಝವೇರಿ ಬಜಾರು ಇನ್ನೂ ಮಲಗಿರುವಾಗ
ಓಣಿ ಗುಡಿಸಿ, ಗಟಾರದ ಕೆಸರು ಬಾಚಿ,
ಘಮೇಲಾದಲ್ಲಿ ನೀರು ಹೊಯ್ದು ತಿರುವುತ್ತಾಳೆ:
ಬೀಡಿಯ ತುಂಡು, ಚಹಾದ ಚರಟ, ಹಿತ್ತಾಳೆ ಪುಡಿ,
ಬಂಗಾಳಿ ಕುಶಲಕರ್ಮಿಗಳ ಕೂದಲು
ಎಲ್ಲ ತೊಳೆದು ಹೋಗಿ
ತಳ ಹಿಡಿದು ಕೂರುವುದು ಅದೊಂದೇ.

"ಅರ್ಧ ಲೀಟರ್ ಹಾಲಿನ ಪಾಕೀಟಿಗೆ ಚಿನ್ನ ತುಂಬಿದರೆ
ಹತ್ತು ಕಿಲೋಗೆ ತುಸುವೇ ಕಡಿಮೆ" ಎಂದೆ ಒಮ್ಮೆ.
"ಅದಕ್ಕ ಹರದ ಹೋಗಂಗಿಲ್ಲ ಅದು" ಎಂದಳು,
"ನಿನಗ ಲೆಕ್ಕ ಗೊತ್ತು. ನನ್ನ ಕೈಗೇ ಗೊತ್ತು."

ಹೇಳುತ್ತಾ ಹೋಗುವ ಚಟ ನನಗೆ:
ಒಂದೇ ಗ್ರಾಮು, ತಂತಿಯಾಗಿ ಎಳೆದರೆ
ಮುಂಬಾದೇವಿ ಗುಡಿಯಿಂದ ಚರ್ಚ್‌ಗೇಟಿನ ತನಕ.
ಬಡಿದು ಹಾಳೆ ಮಾಡಿದರೆ ಮಗು ಮಲಗುವಷ್ಟು ಚಾಪೆ;
ಅದನ್ನು ಬೆಳಕಿಗೆ ಹಿಡಿದರೆ, ನಂಬು,
ಆಚೆ ಬರುವ ಬೆಳಕು ಹಸಿರು.
"ಹಸರಾ? ಅಯ್ಯ ನನ್ನಪ್ಪಾ,
ಪಾಚಿ ಅಂತ ಎಷ್ಟು ಬಿಟ್ಟ್ ಬಂದೀನೋ!"

ತೇಜಾಬಿನ ಹನಿಗೆ ಹಿತ್ತಾಳೆ ಹಸಿರು ನೊರೆ ಕಕ್ಕುತ್ತದೆ,
ಚಿನ್ನ ಕಣ್ಣು ಕೂಡ ಮಿಟುಕಿಸದು.
ಎರಡು ತೇಜಾಬು ಸಂಚು ಹೂಡಿ ಒಟ್ಟಿಗೆ ಬರಬೇಕು ಕರಗಿಸಲು;
ಒಂಟಿಯಾಗಿ ಬಂದವರು ಅದರ ಕೂದಲು ಕೊಂಕಿಸಲಾರರು.
ಕರಗಿದರೂ ಕಳೆಯದು. ತುಕ್ಕಿಲ್ಲ, ಕೊಳೆಯಿಲ್ಲ,
ಗುರುತೂ ಇಲ್ಲ.

ಆ ದಿನ ಅವಳ ಕಾಳನ್ನು ಕಲ್ಲಿಗೆ ತಿಕ್ಕಿದಾಗ
ಎಳೆದ ಹಳದಿ ಗೆರೆಯಲ್ಲಿ ಏಕೋ ನೆನಪಾದಳು ರುಕ್ಮಾ ಅತ್ತೆ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಗೆ
ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.
ಅಪ್ಪ ಅರದಿಂದ ಉಜ್ಜಿ ಉಳಿಸಿಕೊಂಡ ಆ ಪಾಟಲಿಯ ಪುಡಿ
ಎಲ್ಲೋ ಇದೆ, ಇರಲೇಬೇಕು,
ಯಾರದೋ ಮೂಗಿನಲ್ಲಿ, ಯಾರದೋ ಹಲ್ಲಿನಲ್ಲಿ,
ಅಥವಾ ಈ ಕಾಳಿನಲ್ಲೇ.

ಪ್ರತಿ ಸಲ ಅರ್ಧ ಗುಲಗಂಜಿ ಕಡಿಮೆ ಬರೆಯುತ್ತಿದ್ದ ಕೈ
ಅಂದು ಪೂರಾ ತೂಕ ಬರೆಯಿತು.

ಚೀಟಿ ನೋಡಿದಳು. ನನ್ನನ್ನು ನೋಡಿದಳು.
"ಯಾಕ ತಮ್ಮಾ, ಕಾಟಾ ಕೆಟ್ಟೈತೇನು?"
ಚೀಲದಿಂದ ತೆಗೆದು ಇಟ್ಟಳು ಮೇಜಿನ ಮೇಲೆ
ಎರಡು ಕೆಂಪು ಗುಲಗಂಜಿ, ಒಂದರ್ಧ ಹೋಳು.
"ಮನ್ಯಾಗ ತೂಗಿಕೊಂಡ ಬರ್ತೀನಿ. ಹನ್ನೊಂದ ವರ್ಷಾತು.
ಗುಲಗಂಜಿಗಿ ತನ್ನ ಕರಿ ಕಾಣಂಗಿಲ್ಲ,
ನೀ ತಗದದ್ದೆಲ್ಲಾ ನಿನ್ನ ಅಂಗಾಲಿಗೆ ಹತ್ತಿರತಿತ್ತು.
ನಿನ್ನ ಮೆಟ್ಟಲಾ ಎರಡ ಸಲ ಗುಡಸ್ತಿದ್ದೆ,
ಕಾಲೊರಸ ಮೂರ ಸಲ ಝಾಡಸ್ತಿದ್ದೆ.
ಲೆಕ್ಕ ಸರಿ ಇತ್ತು ನಮ್ಮದು. ಈಗ ಯಾಕ ಕೆಡಿಸತಿ?"

ರೊಕ್ಕ ಎಣಿಸಿ, ಸೆರಗಿಗೆ ಗಂಟು ಹಾಕಿ,
ಇಳಿದು ಹೋದಳು, ಗೋಡೆ ಹಿಡಿದು, ನಿಧಾನ.

ಟ್ಯೂಬ್‌ಲೈಟಿನ ಕೆಳಗೆ
ಚಪ್ಪಲಿ ತಿರುಗಿಸಿ ನೋಡಿದೆ.